ಕರೆ ಬಂದ ಮೇಲೆ ಕಡತ: ಭಾರತದಿಂದ ಅಮೆರಿಕಕ್ಕೆ ದತ್ತು, ಕಾರಾ ಸೇವೆಯ ಒಂದು ವಿಮರ್ಶೆ

ಅಮೆರಿಕದಲ್ಲಿ ನೆಲೆಸಿದ ಕ್ರೈಸ್ತ ದಂಪತಿಗೆ ಭಾರತದಿಂದ ಮಗುವನ್ನು ದತ್ತು ಪಡೆಯುವ ಮನಸ್ಸಾದರೆ ಹೋಗಬೇಕಾದ ಕಡೆ ಒಂದೇ, ದೆಹಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ. ಎಲ್ಲರ ಬಾಯಲ್ಲಿ ಅದು ಕಾರಾ. ಅದರ ಆನ್‌ಲೈನ್ ವ್ಯವಸ್ಥೆಯ ಹೆಸರು ಕೇರಿಂಗ್ಸ್. ಇಗರ್ಜಿಯ ಫಾದರ್ ಕೊಟ್ಟ ಪತ್ರ, ಅನಾಥಾಶ್ರಮದ ಸಿಸ್ಟರ್ ಪರಿಚಯ, ಮಿಷನ್ ಪ್ರವಾಸದಲ್ಲಿ ತೆಗೆದ ಫೋಟೊ, ಇವ್ಯಾವುವೂ ಅಲ್ಲಿ ನಿಮ್ಮನ್ನು ಸರದಿಯಲ್ಲಿ ಒಂದು ಹೆಜ್ಜೆಯೂ ಮುಂದಕ್ಕೆ ತಳ್ಳುವುದಿಲ್ಲ. ಈ ಸೇವೆಯ ದೊಡ್ಡ ಗುಣವೇ ಅದು. ದೊಡ್ಡ ದೋಷ ಯಾವುದೆಂದು ಕೇಳಿದರೆ ಬಹಳ ಜನ ‘ನಿಧಾನ’ ಎನ್ನುತ್ತಾರೆ. ಅದು ಅರ್ಧ ಸತ್ಯ. ಮಗುವಿನ ವೈದ್ಯಕೀಯ ವರದಿ ಒಂದೊಂದು ಜಿಲ್ಲೆಯಿಂದ ಒಂದೊಂದು ಥರ ಬರುವುದು ಅದಕ್ಕಿಂತ ದೊಡ್ಡ ದೋಷ.

ಅಮೆರಿಕದ ಕ್ರೈಸ್ತರಿಗೆ ಹೊರದೇಶದ ದತ್ತು ಹೊಸದೇನಲ್ಲ. 1955ರಲ್ಲಿ ಆರೆಗನ್ ರಾಜ್ಯದ ಹ್ಯಾರಿ ಮತ್ತು ಬರ್ತಾ ಹೋಲ್ಟ್ ದಂಪತಿ ಕೊರಿಯಾ ಯುದ್ಧದ ನಂತರ ನೆಲೆ ತಪ್ಪಿದ ಎಂಟು ಮಕ್ಕಳನ್ನು ಮನೆಗೆ ತಂದರು. ಅದಕ್ಕಾಗಿ ಅಮೆರಿಕದ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಅಲ್ಲಿಂದ ಎದ್ದ ಅಲೆ 2004ರ ಹೊತ್ತಿಗೆ ವರ್ಷಕ್ಕೆ ಸುಮಾರು 23,000 ಮಕ್ಕಳವರೆಗೆ ಏರಿತು. ಆಮೇಲೆ ಗ್ವಾಟೆಮಾಲಾ ನಿಂತಿತು. 2013ರಿಂದ ರಷ್ಯಾ ಅಮೆರಿಕದವರಿಗೆ ಬಾಗಿಲು ಹಾಕಿತು, 2018ರಲ್ಲಿ ಇಥಿಯೋಪಿಯಾ, 2024ರ ಸೆಪ್ಟೆಂಬರಿನಲ್ಲಿ ಚೀನಾ. 2023ರ ಹಣಕಾಸು ವರ್ಷದಲ್ಲಿ ಅಮೆರಿಕಕ್ಕೆ ಬಂದ ದತ್ತು ಮಕ್ಕಳ ಸಂಖ್ಯೆ 1,300 ದಾಟಲಿಲ್ಲ. ನಿಯಮ ಬರೆದಿಟ್ಟು, ಅದರಂತೆ ನಡೆದುಕೊಂಡು, ಇನ್ನೂ ಬಾಗಿಲು ತೆರೆದಿಟ್ಟಿರುವ ದೇಶಗಳಲ್ಲಿ ಭಾರತ ಒಂದು. ಇಲ್ಲಿನ ಬಿಗಿ ಸುಮ್ಮನೆ ಬಂದದ್ದಲ್ಲ. ಭಾರತದ ಮಕ್ಕಳನ್ನು ವಿದೇಶಿಯರಿಗೆ ಕೊಡುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡು ಸುಪ್ರೀಂ ಕೋರ್ಟು 1984ರಲ್ಲಿ ಮಾರ್ಗಸೂಚಿ ಹಾಕಿತು. 1990ರಲ್ಲಿ ಕಾರಾ ಬಂತು. 2003ರಲ್ಲಿ ಭಾರತ, ದೇಶದಿಂದ ದೇಶಕ್ಕೆ ನಡೆಯುವ ದತ್ತಿಗೆ ನಿಯಮ ಹಾಕುವ ಹೇಗ್ ಒಪ್ಪಂದವನ್ನು ಅನುಮೋದಿಸಿತು. ಅಮೆರಿಕದಲ್ಲಿ ಅದು ಜಾರಿಯಾದದ್ದು 2008ರ ಏಪ್ರಿಲ್ 1ರಂದು.

ಕ್ರೈಸ್ತರ ಮಟ್ಟಿಗೆ ಇನ್ನೊಂದು ಹಿನ್ನೆಲೆಯೂ ಇದೆ, ಮಂಗಳೂರು, ಧಾರವಾಡದ ಕಡೆಯ ಹಿರಿಯರ ತಲೆಯಲ್ಲಿ ಇಂದಿಗೂ ಉಳಿದಿರುವಂಥದ್ದು: ‘ನಮ್ಮವರಿಗೆ ದತ್ತು ಇಲ್ಲ, ಗಾರ್ಡಿಯನ್ ಆಗಬಹುದು ಅಷ್ಟೇ.’ ಒಂದು ಕಾಲಕ್ಕೆ ಅದು ಸರಿಯಾಗಿತ್ತು. 1956ರ ಹಿಂದೂ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಉಳಿದವರಿಗೆ 1890ರ ಪಾಲಕತ್ವ ಕಾಯ್ದೆಯೇ ಗತಿ. ಮಗು ಪ್ರಾಪ್ತ ವಯಸ್ಸಿಗೆ ಬಂದರೆ ಆ ಸಂಬಂಧ ಕಾಗದದ ಮೇಲೆ ಮುಗಿಯುತ್ತಿತ್ತು, ಆಸ್ತಿಯಲ್ಲಿ ತಾನಾಗಿ ಪಾಲು ಬರುತ್ತಿರಲಿಲ್ಲ. ಬಾಲನ್ಯಾಯ ಕಾಯ್ದೆ ಅದನ್ನು ಬದಲಿಸಿತು. 2014ರಲ್ಲಿ ಶಬ್ನಂ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವೈಯಕ್ತಿಕ ಕಾನೂನು ಏನೇ ಹೇಳಲಿ, ಇಷ್ಟವಿದ್ದವರು ಈ ಕಾಯ್ದೆಯಡಿ ದತ್ತು ತೆಗೆದುಕೊಳ್ಳಬಹುದು ಎಂದಿತು. 2015ರ ಬಾಲನ್ಯಾಯ ಕಾಯ್ದೆಯ 58ನೇ ಕಲಮು ‘ಯಾವ ಧರ್ಮದವರಾದರೂ’ ಎಂದು ಸ್ಪಷ್ಟವಾಗಿಯೇ ಹೇಳುತ್ತದೆ. ಮಗುವಿನ ಧರ್ಮ, ಪೋಷಕರ ಧರ್ಮ ಎರಡನ್ನೂ ಹೊಂದಿಸಿ ನೋಡುವ ಪದ್ಧತಿ ಇಲ್ಲಿಲ್ಲ. ‘ಕ್ರೈಸ್ತ ಮಗುವೇ ಬೇಕು’ ಎನ್ನುವವರಿಗೆ ಈ ಸೇವೆ ಹೇಳಿದ್ದಲ್ಲ.

ಅರ್ಜಿಗೆ ಮುಂಚೆ ಪಾಸ್‌ಪೋರ್ಟು

ಅತಿ ಹೆಚ್ಚು ಜನ ಎಡವುವುದು ಇಲ್ಲಿ, ಅದೂ ಕಾರಾ ಕಡೆಯಿಂದಲ್ಲ. ಗಂಡ ಹೆಂಡತಿ ಇಬ್ಬರದೂ ಭಾರತದ ಪಾಸ್‌ಪೋರ್ಟು, ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾ ಅಥವಾ ಗ್ರೀನ್ ಕಾರ್ಡು ಎಂದಿಟ್ಟುಕೊಳ್ಳಿ. ಭಾರತದ ಲೆಕ್ಕದಲ್ಲಿ ಇವರು ಅನಿವಾಸಿ ಭಾರತೀಯರು. ಸರದಿಯಲ್ಲಿ ಇಲ್ಲಿ ವಾಸವಿರುವವರಿಗೆ ಸಮ. ದತ್ತು ಆದೇಶವೂ ಸಿಕ್ಕೀತು. ಆದರೆ ಅಮೆರಿಕದ ಹೇಗ್ ವೀಸಾಕ್ಕೆ ಅರ್ಜಿ ಹಾಕಲು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ಇಲ್ಲದಿದ್ದರೆ ದತ್ತು ಮಗು ಅಲ್ಲಿನ ವಲಸೆ ಕಾನೂನಿನ ಕಣ್ಣಲ್ಲಿ ‘ಮಗು’ ಎನಿಸಿಕೊಳ್ಳಲು ಎರಡು ವರ್ಷ ಕಾನೂನುಬದ್ಧ ಪಾಲನೆ, ಎರಡು ವರ್ಷ ಒಟ್ಟಿಗೆ ವಾಸ ಆಗಬೇಕು. ಅಂದರೆ ಅಪ್ಪನೋ ಅಮ್ಮನೋ ಕೆಲಸ ಬಿಟ್ಟು ಊರಿಗೆ ಬಂದು ಕೂರಬೇಕು. ಇದನ್ನು ಮೊದಲೇ ವಲಸೆ ವಕೀಲರ ಹತ್ತಿರ ಕೇಳದೆ ಕೇರಿಂಗ್ಸ್‌ನಲ್ಲಿ ನೋಂದಣಿ ಮಾಡಿದರೆ, ಆದೇಶ ಕೈಯಲ್ಲಿ ಹಿಡಿದುಕೊಂಡು ಮಗುವನ್ನು ಅಜ್ಜಿಯ ಮನೆಯಲ್ಲಿ ಬಿಡುವ ಸ್ಥಿತಿ ಬರುತ್ತದೆ.

ಅಮೆರಿಕದ ಪೌರತ್ವವಿರುವ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿರುವ) ದಂಪತಿಗೆ ಬಾಲನ್ಯಾಯ ಕಾಯ್ದೆಯ 59ನೇ ಕಲಮು ಅಂತರದೇಶೀಯ ದತ್ತಿನಲ್ಲಿ ಆದ್ಯತೆ ಕೊಡುತ್ತದೆ. ಭಾರತದ ನಂಟಿಲ್ಲದ ಅಮೆರಿಕದವರು ಅವರ ನಂತರ. ಅದೇ ಕಲಮಿನ ಪ್ರಕಾರ ಮಗು ದತ್ತಿಗೆ ಮುಕ್ತ ಎಂದು ಘೋಷಣೆಯಾಗಿ 60 ದಿನ ಕಳೆದರೂ ಭಾರತೀಯ ಇಲ್ಲವೇ ಅನಿವಾಸಿ ಕುಟುಂಬ ಸಿಗದಿದ್ದರೆ ಮಾತ್ರ ಆ ಮಗು ಹೊರದೇಶಕ್ಕೆ. ಅಂಗವಿಕಲ ಮಕ್ಕಳು, ಒಡಹುಟ್ಟಿದವರ ಜೋಡಿ, ಐದು ವರ್ಷ ದಾಟಿದವರಿಗೆ ಇದರಲ್ಲಿ ಆದ್ಯತೆ. ಆರು ತಿಂಗಳ ಆರೋಗ್ಯವಂತ ಹಸುಗೂಸಿನ ಕನಸು ಹೊತ್ತು ಬರುವ ಅಮೆರಿಕದ ಕುಟುಂಬಕ್ಕೆ ಇದನ್ನು ಮೊದಲ ದಿನವೇ ಹೇಳದ ದತ್ತು ಏಜೆನ್ಸಿಯನ್ನು ಬಿಟ್ಟು ಬೇರೆಯದನ್ನು ನೋಡಿಕೊಳ್ಳುವುದು ಒಳ್ಳೆಯದು.

ವಯಸ್ಸಿನ ಲೆಕ್ಕವೂ ಬಿಗಿ. ದಂಪತಿಯ ವಯಸ್ಸು ಕೂಡಿಸಿ, ಎರಡು ವರ್ಷದೊಳಗಿನ ಮಗುವಿಗೆ 85, ಎರಡರಿಂದ ನಾಲ್ಕಕ್ಕೆ 90, ನಾಲ್ಕರಿಂದ ಎಂಟಕ್ಕೆ 100, ಎಂಟರಿಂದ ಹದಿನೆಂಟಕ್ಕೆ 110 ದಾಟಬಾರದು. ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷ ಅಂತರ, ಎರಡು ವರ್ಷದ ಸ್ಥಿರ ದಾಂಪತ್ಯ. ಒಂಟಿ ಗಂಡಸಿಗೆ ಹೆಣ್ಣುಮಗು ಇಲ್ಲ. 2022ರ ದತ್ತು ನಿಯಮಾವಳಿಯ ಒಂದು ಸಾಲು ಕ್ರೈಸ್ತ ಕುಟುಂಬಗಳಿಗೆ ಹೆಚ್ಚು ತಟ್ಟುತ್ತದೆ: ಮನೆಯಲ್ಲಿ ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿದ್ದರೆ ವಿಶೇಷ ಅಗತ್ಯವುಳ್ಳ ಅಥವಾ ಮನೆ ಸಿಗುವುದು ಕಷ್ಟವಾದ ಮಕ್ಕಳನ್ನು ಮಾತ್ರ ಕೇಳಬಹುದು. ಅಮೆರಿಕದ ಚರ್ಚ್ ಸಭೆಗಳಲ್ಲಿ ‘ದೇವರು ನಮ್ಮನ್ನು ಕರೆದಿದ್ದಾನೆ’ ಎಂದು ಮುಂದೆ ಬರುವವರಲ್ಲಿ ಮೂರು ನಾಲ್ಕು ಮಕ್ಕಳಿರುವವರು ಸಾಕಷ್ಟು. ಅವರಿಗೆ ಬೇರೆ ಆಯ್ಕೆ ಇಲ್ಲ.

ಮಿಷನ್ ಪ್ರವಾಸದ ಮಗು

ಅನಾಥರನ್ನು ನೋಡಿಕೊಳ್ಳಿ ಎನ್ನುವ, ಬೈಬಲಿನ ಯಾಕೋಬನ ಪತ್ರದ ಮೊದಲ ಅಧ್ಯಾಯದ 27ನೇ ವಚನ ಓದಿ ಮನ ಕರಗಿದವರು, ಆಂಧ್ರದಲ್ಲೋ ಕೋಲಾರದ ಕಡೆಯೋ ಚರ್ಚು ನಡೆಸುವ ಅನಾಥಾಶ್ರಮಕ್ಕೆ ಹತ್ತು ದಿನ ಬಂದು ಹೋಗಿ, ಅಲ್ಲಿ ಮಡಿಲೇರಿದ ಒಂದು ಮಗುವನ್ನೇ ಕೇಳುತ್ತಾರೆ. ಇದು ಆಗದ ಕೆಲಸ. ಅಲ್ಲಿರುವ ಬಹುಪಾಲು ಮಕ್ಕಳು ಅನಾಥರೇ ಅಲ್ಲ. ಬಡತನಕ್ಕೋ ಓದಿಗೋ ಮನೆಯವರೇ ತಂದು ಬಿಟ್ಟವರು. ಮಕ್ಕಳ ಪಾಲನಾ ಸಂಸ್ಥೆ ಎಂಬ ನೋಂದಣಿ ಬೇರೆ, ಮಕ್ಕಳನ್ನು ದತ್ತು ಕೊಡಬಲ್ಲ ವಿಶೇಷ ದತ್ತು ಸಂಸ್ಥೆ ಎಂಬ ಮಾನ್ಯತೆ ಬೇರೆ. ಮಗು ದತ್ತಿಗೆ ಮುಕ್ತ ಎಂದು ಹೇಳುವ ಅಧಿಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮಾತ್ರ. ಸಿಕ್ಕ ಮಗು ಎರಡು ವರ್ಷದೊಳಗಿದ್ದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳೊಳಗೆ ತಂದೆತಾಯಿಯ ಹುಡುಕಾಟ ಮುಗಿಸಿ ಅದು ಘೋಷಿಸಬೇಕು. ಹೆತ್ತವರೇ ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಅವರಿಗೆ 60 ದಿನ.

ಹೇಗ್ ಒಪ್ಪಂದದ 29ನೇ ವಿಧಿಯಂತೆ, ಸಂಬಂಧಿಕರ ದತ್ತಿನಂಥ ಕೆಲವು ಸಂದರ್ಭ ಬಿಟ್ಟರೆ, ಮಗುವಿನ ಹೆತ್ತವರ ಜೊತೆಗೋ ಪಾಲಕರ ಜೊತೆಗೋ ಮುಂಚಿತ ಮಾತುಕತೆ ನಡೆಸಬಾರದು. ನಡೆಸಿದ್ದು ಕಡತದಲ್ಲಿ ಕಂಡರೆ ಅಮೆರಿಕದ ಕಡೆ ಅರ್ಜಿಯೇ ಬೀಳಬಹುದು. ನೇರವಾಗಿ ಮಗುವನ್ನು ಕೊಟ್ಟ ಸಂಸ್ಥೆ, ಪಡೆದ ಕುಟುಂಬ ಇಬ್ಬರಿಗೂ ಬಾಲನ್ಯಾಯ ಕಾಯ್ದೆಯ 80ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ‘ಸಿಸ್ಟರ್ ಎಲ್ಲ ನೋಡಿಕೊಳ್ತಾರೆ’ ಎಂಬ ಭರವಸೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಒಂಟಿ ಪೋಷಕರಿಗೂ ಮಕ್ಕಳನ್ನು ಕೊಡಬೇಕೆಂಬ ನಿಯಮ ಒಪ್ಪದೆ ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿ 2015ರಲ್ಲಿ ಭಾರತದಲ್ಲಿ ದತ್ತು ಕೆಲಸವನ್ನೇ ಬಿಟ್ಟಿತು. ಅದು ಅವರ ನಿಲುವು. ಇವತ್ತು ಅವರ ಮನೆಯಿಂದ ಮಗು ತರುತ್ತೇವೆ ಎನ್ನುವ ಮಧ್ಯವರ್ತಿ ಬಂದರೆ ಬಾಗಿಲಲ್ಲೇ ಕಳಿಸಬೇಕು.

ಹೋಮ್ ಸ್ಟಡಿ, ಮತ್ತು ಆ ಪಟ್ಟಿ

ಅಮೆರಿಕದಲ್ಲಿ ಮೊದಲ ಕೆಲಸ ಏಜೆನ್ಸಿ ಆಯ್ಕೆ. ಎರಡು ಕಾಗದ ಕೇಳಿ: ಅಮೆರಿಕದ ಹೇಗ್ ಮಾನ್ಯತೆ, ಕಾರಾ ಕೊಟ್ಟ ಅಧಿಕೃತ ವಿದೇಶಿ ದತ್ತು ಏಜೆನ್ಸಿ ಪತ್ರ. ಎರಡಕ್ಕೂ ಅವಧಿ ಇರುತ್ತದೆ, ತಾರೀಖು ನೋಡಿ. ಕೇರಿಂಗ್ಸ್‌ನಲ್ಲಿ ನೋಂದಣಿ ಮಾಡುವುದು, ದಾಖಲೆ ಏರಿಸುವುದು ಏಜೆನ್ಸಿಯೇ.

ಹೋಮ್ ಸ್ಟಡಿಗೆ, ಅಂದರೆ ದತ್ತು ಪಡೆಯುವವರ ಮನೆಯ ಪರಿಶೀಲನೆಗೆ, ಸಮಾಜ ಕಾರ್ಯಕರ್ತೆ ಮನೆಗೆ ಬಂದು ಮಾತಾಡಿಸುತ್ತಾರೆ. ಮನೆಯಲ್ಲಿರುವ ವಯಸ್ಕರೆಲ್ಲರ ಬೆರಳಚ್ಚು ಬೇಕು. ಊರಿಂದ ಬಂದು ಜೊತೆಗಿರುವ ಅತ್ತೆ ಮಾವನದೂ ಸೇರಿ. ಹದಿನೆಂಟು ತುಂಬಿದ ಮೇಲೆ ವಾಸವಿದ್ದ ಪ್ರತಿ ರಾಜ್ಯ, ಪ್ರತಿ ದೇಶದಿಂದ ಮಕ್ಕಳ ದೌರ್ಜನ್ಯ ದಾಖಲೆಯ ತಪಾಸಣೆ. ಮಂಗಳೂರಲ್ಲಿ ಓದಿ, ಕುವೈತಿನಲ್ಲಿ ದುಡಿದು, ಆಮೇಲೆ ಅಮೆರಿಕಕ್ಕೆ ಹೋದವರಿಗೆ ತಿಂಗಳುಗಟ್ಟಲೆ ತಡವಾಗುವುದು ಈ ಕಾಗದಗಳಿಂದಲೇ. ಇವನ್ನು ಮೊದಲ ವಾರದಲ್ಲೇ ಶುರು ಮಾಡಬೇಕು. ಕನಿಷ್ಠ ಹತ್ತು ಗಂಟೆಯ ಪೋಷಕರ ತರಬೇತಿಯೂ ಕಡ್ಡಾಯ. ಮಕ್ಕಳಿಗೆ ಹೊಡೆಯುವ ವಿಚಾರ ಬಂದಾಗ ಬೈಬಲಿನ ಬೆತ್ತದ ಮಾತು ಎತ್ತುವ ಅಪ್ಪಂದಿರು ಕೆಲವರಿದ್ದಾರೆ. ದೈಹಿಕ ಶಿಕ್ಷೆ ಇಲ್ಲ ಎಂಬ ಬರಹದ ಒಪ್ಪಿಗೆ ಇಲ್ಲದೆ ವರದಿ ಮುಂದೆ ಹೋಗುವುದು ಕಷ್ಟ. ಏಟು ತಿಂದೇ ಬಂದ ಮಗುವಿಗೆ ಇನ್ನೊಂದು ಮನೆಯ ಏಟು ಏನು ಮಾಡುತ್ತದೆ ಎಂಬುದು ತರಬೇತಿಯ ಅರ್ಧ ಪಾಠ.

ಈ ಹಂತದಲ್ಲೇ ಕೈಗೆ ಬರುವುದು ವೈದ್ಯಕೀಯ ಪಟ್ಟಿ. ಸೀಳುತುಟಿ, ಹೃದಯದಲ್ಲಿ ರಂಧ್ರ, ಸೊಟ್ಟಗಾಲು, ಕಿವುಡು, ಹೆಪಟೈಟಿಸ್ ಬಿ, ಎಚ್‌ಐವಿ, ಥಲಸ್ಸೇಮಿಯಾ, ಸೆರೆಬ್ರಲ್ ಪಾಲ್ಸಿ, ಫಿಟ್ಸ್, ಡೌನ್ ಸಿಂಡ್ರೋಮ್, ಲೈಂಗಿಕ ದೌರ್ಜನ್ಯದ ಇತಿಹಾಸ, ಹೀಗೆ ಪುಟಗಟ್ಟಲೆ. ಪ್ರತಿಯೊಂದರ ಮುಂದೆ ‘ಹೌದು’, ‘ಯೋಚಿಸುತ್ತೇವೆ’, ‘ಇಲ್ಲ’. ನಂಬಿಕೆಯ ಕುಟುಂಬಗಳು ತಪ್ಪು ಮಾಡುವುದು ಬಹುಮಟ್ಟಿಗೆ ಇಲ್ಲಿ. ‘ಇಲ್ಲ’ ಎಂದು ಗುರುತು ಹಾಕಿದರೆ ದೇವರಿಗೆ ಇಲ್ಲ ಎಂದಂತೆ ಅನ್ನಿಸುತ್ತದೆ. ಪಾಸ್ಟರ್ ಕೂಡ ‘ದೇವರು ಒದಗಿಸುತ್ತಾನೆ’ ಎನ್ನುತ್ತಾರೆ. ಎಲ್ಲಕ್ಕೂ ‘ಹೌದು’ ಬೀಳುತ್ತದೆ. ಥಲಸ್ಸೇಮಿಯಾ ಮೇಜರ್ ಎಂದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು, ಮೈಯಲ್ಲಿ ಸೇರುವ ಕಬ್ಬಿಣ ತೆಗೆಯಲು ನಿತ್ಯ ಔಷಧಿ ಬೇಕು, ಹತ್ತಿರದ ಮಕ್ಕಳ ಆಸ್ಪತ್ರೆ ಮೂರು ಗಂಟೆ ದೂರವಿದ್ದರೆ ಅಮ್ಮನ ಕೆಲಸ ಹೋಗುತ್ತದೆ. ಇದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಯಾರೂ ಲೆಕ್ಕ ಹಾಕಿರುವುದಿಲ್ಲ. ಇದಕ್ಕೆ ವಿರುದ್ಧದ ತಪ್ಪೂ ಉಂಟು. ಎಚ್‌ಐವಿ ಎಂಬ ಮೂರು ಅಕ್ಷರಕ್ಕೆ ಹೆದರಿ ‘ಇಲ್ಲ’ ಹಾಕುವವರಿಗೆ, ದಿನದ ಮಾತ್ರೆಯಿಂದ ಆ ಮಗು ಉಳಿದವರಂತೆ ಓಡಾಡಿಕೊಂಡು ಬೆಳೆಯಬಲ್ಲದು ಎಂದು ಯಾರೂ ಹೇಳಿರುವುದಿಲ್ಲ.

ಸರಿಯಾದ ದಾರಿ ಬೇಸರದ್ದು, ಆದರೆ ಕೆಲಸ ಮಾಡುತ್ತದೆ. ಪ್ರತಿ ಕಾಯಿಲೆಯ ಮುಂದೆ ಮೂರು ಉತ್ತರ ಬರೆಯಿರಿ: ನಮ್ಮ ವಿಮೆ ಇದಕ್ಕೆ ಕೊಡುತ್ತದೆಯೇ, ತಜ್ಞರು ಎಷ್ಟು ದೂರ, ಈಗಿರುವ ಮಕ್ಕಳ ದಿನಚರಿಯಲ್ಲಿ ಏನು ಬಿಡಬೇಕಾಗುತ್ತದೆ. ಗಂಡ ಹೆಂಡತಿ ಬೇರೆ ಬೇರೆ ಕೂತು ತುಂಬಿಸಿ, ಆಮೇಲೆ ಹೋಲಿಸಿ. ಒಬ್ಬರದು ‘ಹೌದು’, ಇನ್ನೊಬ್ಬರದು ‘ಇಲ್ಲ’ ಇದ್ದ ಕಡೆ ಉತ್ತರ ‘ಇಲ್ಲ’ವೇ. ಕರೆ ಇಬ್ಬರಿಗೂ ಬಂದಿರಬೇಕಲ್ಲ!

ಈ ಪಟ್ಟಿ ಹೋಮ್ ಸ್ಟಡಿಯೊಳಗೆ ಹೋಗಿ, ಅಲ್ಲಿಂದ ದಂಪತಿ ದತ್ತಿಗೆ ಅರ್ಹರೇ ಎಂದು ನೋಡುವ, ಅಮೆರಿಕದ ವಲಸೆ ಇಲಾಖೆಯ ಐ-800ಎ ಅರ್ಜಿಗೆ ಸೇರುತ್ತದೆ. ಶುಲ್ಕ 2024ರ ಏಪ್ರಿಲಿನಿಂದ 920 ಡಾಲರ್. ಹೋಮ್ ಸ್ಟಡಿ ಆರು ತಿಂಗಳಿಗಿಂತ ಹಳತಾಗಿರಬಾರದು. ಒಪ್ಪಿಗೆಗೆ 15 ತಿಂಗಳ ಆಯಸ್ಸು. ಅದರಲ್ಲಿ ಮಗುವಿನ ವಯಸ್ಸಿನ ಮಿತಿ, ಸಂಖ್ಯೆ, ಯಾವ ವಿಶೇಷ ಅಗತ್ಯ ಎಂದೆಲ್ಲ ಇರುತ್ತದೆ. ‘ನಾಲ್ಕು ವರ್ಷದೊಳಗಿನ ಒಂದು ಮಗು’ ಎಂದು ಬರೆಸಿ, ಆಮೇಲೆ ಆರು ವರ್ಷದ ಅಕ್ಕ ಮೂರು ವರ್ಷದ ತಮ್ಮನ ಜೋಡಿಗೆ ಮನಸ್ಸು ಸೋತರೆ ಹೋಮ್ ಸ್ಟಡಿ ತಿದ್ದುಪಡಿ, ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ವಯಸ್ಸು ಮತ್ತು ಸಂಖ್ಯೆಯಲ್ಲಿ ಸ್ವಲ್ಪ ಸಡಿಲ ಇಟ್ಟು ಬರೆಸುವುದು ಜಾಣತನ, ಮನೆಯ ಶಕ್ತಿ ಅದಕ್ಕೆ ಒಪ್ಪುವುದಾದರೆ.

96 ಗಂಟೆ

ಕಾರಾ ಕಡೆಯಿಂದ ಮಗುವಿನ ವಿವರ ಬಂದ ಮೇಲೆ ಕಾಯ್ದಿರಿಸಲು 96 ಗಂಟೆ, ದಾಖಲೆಗಳಿಗೆ ಸಹಿ ಮಾಡಿ ಒಪ್ಪಿಕೊಳ್ಳಲು 30 ದಿನ. ಕೇಳಲು ಸಾಕಷ್ಟು ಸಮಯ ಎನಿಸುತ್ತದೆ. ಶುಕ್ರವಾರ ಬೆಳಿಗ್ಗೆ ವಿವರ ಬಂದರೆ ಅದರಲ್ಲಿ ಎರಡು ದಿನ ವೈದ್ಯರೇ ಸಿಗುವುದಿಲ್ಲ. ಹೊರದೇಶದ ದತ್ತು ಮಕ್ಕಳ ಕಡತ ಓದುವ ಕ್ಲಿನಿಕ್‌ಗಳು ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿವೆ. ವಿವರ ಬರುವ ಮುಂಚೆಯೇ ಒಂದರಲ್ಲಿ ಹೆಸರು ಬರೆಸಿ, ತುರ್ತು ಓದಿಗೆ ಏನು ಕ್ರಮ ಎಂದು ಕೇಳಿಟ್ಟಿರಬೇಕು.

ಬರುವ ಕಾಗದ ಎರಡು: ಮಗುವಿನ ಅಧ್ಯಯನ ವರದಿ, ವೈದ್ಯಕೀಯ ಪರೀಕ್ಷಾ ವರದಿ. ಈ ವಿಮರ್ಶೆಯಲ್ಲಿ ಅಂಕ ಕಡಿಮೆ ಬೀಳುವುದು ಎರಡನೆಯದಕ್ಕೆ. ಕೆಲವು ಕೇಂದ್ರಗಳಿಂದ ತಿಂಗಳು ತಿಂಗಳಿನ ತೂಕ, ಎತ್ತರ, ತಲೆಯ ಸುತ್ತಳತೆ, ರಕ್ತಪರೀಕ್ಷೆಯ ಮೂಲ ಪ್ರತಿ, ವಿಡಿಯೊ ಎಲ್ಲ ಬರುತ್ತದೆ. ಕೆಲವು ಕಡೆಯಿಂದ ‘ಆರೋಗ್ಯ ಸಾಮಾನ್ಯ’ ಎಂಬ ಒಂದು ಸಾಲು, ಒಂದು ಫೋಟೊ. ಕೇಳಲೇಬೇಕಾದವು ಇವು. ತಲೆಯ ಸುತ್ತಳತೆ ಒಂದು ಸಲದ್ದು ಸಾಲದು. ತಾರೀಖು ಸಮೇತ ಕನಿಷ್ಠ ಎರಡು ಮೂರು ಬೇಕು, ಡಬ್ಲ್ಯುಎಚ್‌ಒ ನಕ್ಷೆಯಲ್ಲಿ ಗೆರೆ ಹೇಗೆ ಸಾಗಿದೆ ಎಂಬುದೇ ಮುಖ್ಯ. ಎಚ್‌ಐವಿ ಪರೀಕ್ಷೆ ಪಾಸಿಟಿವ್ ಎಂದಿದ್ದರೆ ಯಾವ ಪರೀಕ್ಷೆ, ಯಾವ ವಯಸ್ಸಿನಲ್ಲಿ? ತಾಯಿಯಿಂದ ಬಂದ ಪ್ರತಿಕಾಯ ಹದಿನೆಂಟು ತಿಂಗಳವರೆಗೂ ಮಗುವಿನ ರಕ್ತದಲ್ಲಿ ಉಳಿಯಬಲ್ಲದು. ವೈರಾಣುವನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡದೆ ಏನೂ ಹೇಳುವಂತಿಲ್ಲ. ಥಲಸ್ಸೇಮಿಯಾ ಪತ್ತೆ ಮಾಡುವ ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್ ಆಗಿದೆಯೇ, ರಕ್ತ ಕೊಟ್ಟ ಮೇಲೆ ಮಾಡಿದ್ದೇ, ಮುಂಚೆಯೇ? ಥೈರಾಯ್ಡ್ ಟಿಎಸ್‌ಎಚ್? ಕಿವಿ ಪರೀಕ್ಷೆ?

‘ಬೆಳವಣಿಗೆಯಲ್ಲಿ ವಿಳಂಬ’ ಎಂಬ ಮಾತು ಹೆಚ್ಚುಕಡಿಮೆ ಎಲ್ಲ ಕಡತದಲ್ಲೂ ಇರುತ್ತದೆ. ಸಂಸ್ಥೆಯಲ್ಲಿ ಬೆಳೆದ ಮಗು ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳ ಎತ್ತರ ಕಳೆದುಕೊಳ್ಳುತ್ತದೆ ಎಂಬುದು ಈ ಕ್ಷೇತ್ರದ ವೈದ್ಯರು ಬಳಸುವ ಸ್ಥೂಲ ಲೆಕ್ಕ. ಮಾತು ತಡವಾಗಿದೆ ಎಂದು ಬರೆದಿದ್ದರೆ ಯಾವ ಭಾಷೆಯಲ್ಲಿ ಪರೀಕ್ಷಿಸಿದರು ಎಂದು ಕೇಳಬೇಕು. ಬಳ್ಳಾರಿ, ರಾಯಚೂರಿನ ಗಡಿಯಲ್ಲಿ ಸಿಕ್ಕ ಮಗು ತೆಲುಗು ಕೇಳಿ ಬೆಳೆದಿದ್ದರೆ ಕನ್ನಡದ ಪ್ರಶ್ನೆಗೆ ಸುಮ್ಮನಿರುವುದು ಸಹಜ. ವಯಸ್ಸಿನ ಬಗ್ಗೆಯೂ ಎಚ್ಚರ. ಬೀದಿಯಲ್ಲಿ ಸಿಕ್ಕ ಮಗುವಿನ ಹುಟ್ಟಿದ ದಿನ ಅಂದಾಜಿನದು. ಹಲ್ಲು, ಮೂಳೆ ನೋಡಿ ಹೇಳಿದ ಐದು ವರ್ಷ ನಿಜದಲ್ಲಿ ಆರೂವರೆ ಇರಬಹುದು. ಮನೆಯ ಮಕ್ಕಳಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಎಂಬ ಕ್ರಮವೇ ಅಡಿಮೇಲಾಗುತ್ತದೆ.

ಒಪ್ಪಿಕೊಂಡ ನಂತರದ ಹಾದಿ ಹೆಚ್ಚು ಯಾಂತ್ರಿಕ. ಆ ಮಗುವಿಗಾಗಿ ಐ-800 ಅರ್ಜಿ, ಅದರ ತಾತ್ಕಾಲಿಕ ಒಪ್ಪಿಗೆ, 325 ಡಾಲರಿನ ವೀಸಾ ಅರ್ಜಿ, ದೆಹಲಿಯ ಅಮೆರಿಕ ರಾಯಭಾರ ಕಚೇರಿಯಿಂದ ಹೇಗ್ ಒಪ್ಪಂದದ ಐದನೇ ವಿಧಿಯ ಪತ್ರ (ದತ್ತು ಮುಂದುವರಿಯಬಹುದು ಎಂಬ ಅಮೆರಿಕದ ಒಪ್ಪಿಗೆ), ಕಾರಾದಿಂದ ನಿರಾಕ್ಷೇಪಣಾ ಪತ್ರ. ಕ್ರಮ ತಪ್ಪಬಾರದು: ಐದನೇ ವಿಧಿಯ ಪತ್ರಕ್ಕೆ ಮುಂಚೆ ಮಗುವನ್ನು ವಶಕ್ಕೆ ತೆಗೆದುಕೊಂಡರೆ ಅಮೆರಿಕದ ವೀಸಾಕ್ಕೆ ಕಂಟಕ. ನಿರಾಕ್ಷೇಪಣಾ ಪತ್ರದ ಮೇಲೆ ಆದೇಶ ಬರುವವರೆಗೆ ಪೋಷಣೆಗೆಂದು ಮಗುವನ್ನು ಕರೆದುಕೊಳ್ಳಲು ಅವಕಾಶವಿದೆ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವವರು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಎರಡು ತಿಂಗಳೊಳಗೆ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ. ಈ ಬದಲಾವಣೆ ಒಳ್ಳೆಯದೇ. ಆದರೆ ಚುನಾವಣೆ, ನೆರೆ, ವರ್ಗಾವಣೆ ಬಂದಾಗ ಜಿಲ್ಲಾಧಿಕಾರಿಯ ಮೇಜಿನಲ್ಲಿ ದತ್ತು ಕಡತ ಕೆಳಗೆ ಹೋಗುತ್ತದೆ. ವಿಮಾನ ಟಿಕೆಟ್ಟು ಬದಲಿಸಬಹುದಾದದ್ದೇ ಇರಲಿ.

ಆದೇಶದ ನಂತರ ಕಾರಾದಿಂದ, ದತ್ತು ಹೇಗ್ ಒಪ್ಪಂದದಂತೆ ನಡೆದಿದೆ ಎನ್ನುವ 23ನೇ ವಿಧಿಯ ಅನುಸರಣಾ ಪ್ರಮಾಣಪತ್ರ, ಹೊಸ ಜನನ ಪ್ರಮಾಣಪತ್ರ, ಭಾರತದ ಪಾಸ್‌ಪೋರ್ಟು, ವೀಸಾ ವೈದ್ಯಕೀಯ. ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಇರಬೇಕು. ‘ಡಿಸೋಜ’ಕ್ಕೆ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಕೂಡಿಸಿ ಬರೆದರೆ ಪಾಸ್‌ಪೋರ್ಟು ಕಚೇರಿಯಲ್ಲಿ ಕಡತ ಮತ್ತೆ ಹಿಂದಕ್ಕೆ. ಎರಡು ವರ್ಷ ತುಂಬಿದ ಮಗುವಿಗೆ ಕ್ಷಯದ ರಕ್ತಪರೀಕ್ಷೆ ಇದೆ. ಪಾಸಿಟಿವ್ ಬಂದರೆ ಎಕ್ಸ್‌ರೇ, ಅದರಲ್ಲಿ ಅನುಮಾನ ಬಂದರೆ ಕಫದ ಕಲ್ಚರ್, ಅದಕ್ಕೆ ಎಂಟು ವಾರ. ಇದೊಂದೇ ಕಾರಣಕ್ಕೆ ಪ್ರಯಾಣ ಎರಡು ತಿಂಗಳು ಮುಂದೆ ಹೋಗಬಹುದು. ಹತ್ತು ವರ್ಷದವರೆಗಿನ ದತ್ತು ಮಕ್ಕಳಿಗೆ ವೀಸಾ ಹಂತದ ಲಸಿಕೆಗಳಿಂದ, ಅಮೆರಿಕಕ್ಕೆ ಹೋದ ಮೇಲೆ ಹಾಕಿಸುತ್ತೇವೆ ಎಂಬ ಅಫಿಡವಿಟ್ ಮೇಲೆ ವಿನಾಯಿತಿ ಸಿಗುತ್ತದೆ. ಸಿಗುವುದು ಐಎಚ್-3, ದತ್ತು ಭಾರತದಲ್ಲೇ ಪೂರ್ಣವಾದ ಮಗುವಿನ ವೀಸಾ. ಅದರಲ್ಲಿ ಅಮೆರಿಕ ಪ್ರವೇಶಿಸಿದೊಡನೆ ಮಗು ಅಲ್ಲಿನ ಪ್ರಜೆ.

ದುಡ್ಡು

ವಿದೇಶಿ ದತ್ತಿಗೆ ವಿಶೇಷ ದತ್ತು ಸಂಸ್ಥೆಗೆ ಕಟ್ಟಬೇಕಾದ ನಿಗದಿತ ಮೊತ್ತ 5,000 ಡಾಲರ್. ಉಳಿದದ್ದೆಲ್ಲ ಅಮೆರಿಕದ ಏಜೆನ್ಸಿ, ಹೋಮ್ ಸ್ಟಡಿ, ಪ್ರಯಾಣದ ಖರ್ಚು. ಒಟ್ಟು ಇದರ ಹಲವು ಪಟ್ಟು ಆಗುತ್ತದೆ. ಸಭೆಗಳಲ್ಲಿ ಟೀ ಶರ್ಟು ಮಾರಿ, ಊಟದ ಕೂಟ ಮಾಡಿ ಹಣ ಕೂಡಿಸುವ ರೂಢಿ ಅಮೆರಿಕದಲ್ಲಿ ಸಾಮಾನ್ಯ. ಹಾಗೆ ಕೂಡಿದ್ದರಲ್ಲಿ ಉಳಿದದ್ದನ್ನು ಮಗು ಇದ್ದ ಕೇಂದ್ರಕ್ಕೆ ಕಾಣಿಕೆ ಕೊಡೋಣ ಎಂಬ ಒಳ್ಳೆಯ ಮನಸ್ಸಿಗೆ ಇಲ್ಲಿ ತಡೆ ಇದೆ. ದತ್ತಿಗಾಗಿ ನಗದು, ವಸ್ತು ಯಾವ ರೂಪದ ದೇಣಿಗೆಯನ್ನೂ ಸಂಸ್ಥೆ ತೆಗೆದುಕೊಳ್ಳುವಂತಿಲ್ಲ. ‘ರಸೀದಿ ಬೇಡ, ಫ್ರಿಜ್ ಕೊಡಿಸಿ’ ಎಂದು ಯಾರಾದರೂ ಕೇಳಿದರೆ ಏಜೆನ್ಸಿಗೆ ಬರಹದಲ್ಲಿ ತಿಳಿಸಬೇಕು.

ಅಮೆರಿಕದ ದತ್ತು ತೆರಿಗೆ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ಕಳೆಯುವ ಮೊತ್ತ) 2025ಕ್ಕೆ ಗರಿಷ್ಠ 17,280 ಡಾಲರ್. ತೆರಿಗೆಯೇ ಇಲ್ಲದಿದ್ದರೂ ಅದರಲ್ಲಿ 5,000ದವರೆಗೆ ವಾಪಸು ಬರುತ್ತದೆ. ಹೊರದೇಶದ ದತ್ತಿಗೆ ಅದನ್ನು ಕೇಳಬೇಕಾದದ್ದು ದತ್ತು ಅಂತಿಮವಾದ ವರ್ಷದಲ್ಲಿ. ‘ವಿಶೇಷ ಅಗತ್ಯದ ಮಗು, ಖರ್ಚು ತೋರಿಸದೆ ಪೂರ್ತಿ ಸಿಗುತ್ತದೆ’ ಎಂದು ಚರ್ಚಿನ ಪಾರ್ಕಿಂಗಿನಲ್ಲಿ ಹಬ್ಬುವ ಮಾತು ತಪ್ಪು. ಆ ಅನುಕೂಲ ಅಮೆರಿಕದಲ್ಲೇ ಇರುವ ಮಕ್ಕಳ ದತ್ತಿಗೆ ಮಾತ್ರ.

ಮನೆಗೆ ಬಂದ ಮೇಲೆ

ಏಳು ವರ್ಷದ ಮಗು ಹತ್ತು ಹದಿನೈದು ಮಕ್ಕಳ ನಡುವೆ ಚಾಪೆಯ ಮೇಲೆ ಮಲಗಿ ಬೆಳೆದಿರುತ್ತದೆ. ಗುಲಾಬಿ ಬಣ್ಣ ಬಳಿದ ಒಂಟಿ ಕೋಣೆ, ಹತ್ತು ದಿಂಬು, ಮುಚ್ಚಿದ ಬಾಗಿಲು ಅದಕ್ಕೆ ಉಡುಗೊರೆಯಲ್ಲ. ಮೊದಲ ತಿಂಗಳುಗಳು ಪೋಷಕರ ಕೋಣೆಯಲ್ಲೇ ನೆಲದ ಹಾಸಿಗೆ, ಸಣ್ಣ ದೀಪ. ಊಟಕ್ಕೆ ಬಿಸಿ ಅನ್ನ, ತಿಳಿಸಾರು, ಮೊಸರು. ತಟ್ಟೆಯಲ್ಲಿ ಉಳಿದದ್ದನ್ನು ಜೇಬಿಗೆ ತುಂಬಿಕೊಂಡರೆ ಗದರಬಾರದು, ಮಗುವಿನ ಕೈಗೆಟುಕುವ ಕಡೆ ಬಾಳೆಹಣ್ಣು, ಬಿಸ್ಕತ್ತಿನ ಡಬ್ಬ ಇಟ್ಟರೆ ಕೆಲವೇ ವಾರದಲ್ಲಿ ನಿಲ್ಲುತ್ತದೆ. ಕರ್ನಾಟಕದ ಮಗುವಾದರೆ ಪೋಷಕರಿಗೆ ‘ಹೊಟ್ಟೆ ನೋಯ್ತಿದೆಯಾ’, ‘ಹೆದರ್ಬೇಡ’, ‘ನೀರು ಬೇಕಾ’, ‘ನಾನಿಲ್ಲೇ ಇದೀನಿ’ ಇಷ್ಟು ಬಂದರೆ ಮೊದಲ ವಾರ ನಡೆಯುತ್ತದೆ. ಊರಿನ ಕನ್ನಡ ಕುಟುಂಬಗಳು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತವೆ, ‘ಪಾಪ, ನಿಂಗೆ ಅಪ್ಪ ಅಮ್ಮ ಯಾರೂ ಇರ್ಲಿಲ್ವಾ’ ಎಂದು ಕೇಳದಿದ್ದರೆ.

ಬಂದ ಮೊದಲ ಭಾನುವಾರವೇ ವೇದಿಕೆಗೆ ಕರೆದು ಸಾಕ್ಷಿ (ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು) ಹೇಳಿಸುವ ಚಪಲ ಸಭೆಗಳಿಗಿದೆ. ಅದನ್ನು ತಡೆಯುವುದು ಪಾಸ್ಟರ್ ಕೆಲಸ. ಮುನ್ನೂರು ಜನ ಅಪ್ಪಿಕೊಳ್ಳುವ ಜಾಗದಲ್ಲಿ ಅಪ್ಪ ಅಮ್ಮ ಯಾರು ಎಂಬುದು ಮಗುವಿಗೆ ತಿಳಿಯುವುದಿಲ್ಲ. ಮೊದಲ ತಿಂಗಳುಗಳಲ್ಲಿ ಎತ್ತಿಕೊಳ್ಳುವುದು, ಉಣಿಸುವುದು ಪೋಷಕರು ಮಾತ್ರ. ದೀಕ್ಷಾಸ್ನಾನಕ್ಕೂ ಅವಸರ ಬೇಡ. ಆದೇಶಕ್ಕೆ ಮುಂಚೆ ಮಗು ನಿಮ್ಮದಲ್ಲ, ಪೋಷಣೆಯಲ್ಲಿರುವುದು ಅಷ್ಟೇ. ಆದೇಶದ ನಂತರ ನಿರ್ಧಾರ ಪೋಷಕರದು. ಆದರೆ ಆರೇಳು ವರ್ಷ ಸಂಜೆ ದೀಪ ಹಚ್ಚಿ ಕೈಮುಗಿದು ಬೆಳೆದ ಮಗುವಿಗೆ ಅದು ಪಾಪವಾಗಿತ್ತು ಎಂದು ಹೇಳಿ ಶುರು ಮಾಡಿದರೆ, ಅದಕ್ಕಿದ್ದ ಒಂದೇ ಗಂಟನ್ನು ಕಿತ್ತುಕೊಂಡ ಹಾಗೆ. ಹೆಸರಿನಲ್ಲೂ ಅಷ್ಟೇ. ‘ಲಕ್ಷ್ಮಿ’ಯನ್ನು ಒಳಗೆ ಉಳಿಸಿಕೊಂಡು ಹೊಸದನ್ನು ಸೇರಿಸುವ ಕುಟುಂಬಗಳಲ್ಲಿ ಮಗು ಕರೆದರೆ ಬೇಗ ತಿರುಗಿ ನೋಡುತ್ತದೆ.

ಕಾರಾಕ್ಕೆ ಎರಡು ವರ್ಷ ವರದಿ ಹೋಗಬೇಕು: ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು, ಫೋಟೊ ಸಮೇತ. ಹೊಂದಾಣಿಕೆ ಕೆಟ್ಟಿದ್ದರೆ ವರದಿಯಲ್ಲಿ ಮುಚ್ಚಿಡುವ ಅಭ್ಯಾಸ ಈ ಸೇವೆಯ ಇನ್ನೊಂದು ದುರ್ಬಲ ಜಾಗ. ಸಭೆಯ ಮುಂದೆ ಸಾಕ್ಷಿ ಹೇಳಿದ ಮೇಲೆ ‘ಆಗುತ್ತಿಲ್ಲ’ ಎನ್ನಲು ನಾಚಿಕೆ. ಮೂರನೇ ತಿಂಗಳಲ್ಲಿ ಹೇಳಿದರೆ ಆಪ್ತಸಮಾಲೋಚನೆಯಿಂದ ಸರಿಹೋಗುವುದು ಹದಿನೆಂಟನೇ ತಿಂಗಳಲ್ಲಿ ಮಗು ಮತ್ತೊಂದು ಮನೆ ಕಾಣುವುದಕ್ಕೆ ಮುಟ್ಟಬಹುದು.

ಕೊನೆಯ ಕಾಗದದ ಕೆಲಸ ಮೂರು. ಐಎಚ್-3 ಮಗುವಿನ ಪೌರತ್ವ ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ, ವಿಳಾಸ ಬದಲಾದರೆ ವಲಸೆ ಇಲಾಖೆಗೆ ತಿಳಿಸಿರಬೇಕು. ಬಹಳ ರಾಜ್ಯಗಳಲ್ಲಿ ಭಾರತದ ಆದೇಶವನ್ನು ನೋಂದಾಯಿಸಿ ಅಲ್ಲಿನ ಜನನ ಪ್ರಮಾಣಪತ್ರ ಪಡೆಯಬಹುದು. ಶಾಲೆ, ಚಾಲನಾ ಪರವಾನಗಿಗೆ ಅದು ಸಲೀಸು. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಒಸಿಐ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಧ್ಯಯನ ವರದಿ, ಸಮಿತಿಯ ಘೋಷಣೆ, ಆದೇಶ, ಸಿಕ್ಕಾಗ ಮೈಮೇಲಿದ್ದ ಬಟ್ಟೆಯ ಫೋಟೊ ಇದ್ದರೆ ಅದೂ ಸೇರಿ ಎರಡು ಪ್ರತಿ ಇಡಿ. ಹದಿನೆಂಟು ದಾಟಿದ ದತ್ತು ಮಗು ತನ್ನ ಬೇರು ಹುಡುಕಲು ಕಾರಾಕ್ಕೆ ತಾನೇ ಅರ್ಜಿ ಹಾಕಬಹುದು. ಬೇರೆಯವರ ಮೂಲಕ ಆಗುವುದಿಲ್ಲ. ಆ ಅರ್ಜಿಯಲ್ಲಿ ಮೊದಲು ಕೇಳುವುದು ಈ ಕಾಗದಗಳ ವಿವರವನ್ನೇ.